ಟೊಕೊನಾಮೆಯ ಒಳಲೆ

ಜಪಾನ್ ಎಂಬ ದೇಶವಿದೆ ಎಂದು ಮಳವಳ್ಳಿಗೆ ಮೊದಲು ತಿಳಿಸಿದವನು ಕುಂಬಾರ ಬೀದಿಯ ಮರಿಸಿದ್ದಯ್ಯ. ಅದಕ್ಕೆ ಮುಂಚೆ ಭೂಪಟದಲ್ಲಿ ಆ ಜಾಗ ಬರೀ ನೀರಾಗಿತ್ತು, ಇವನು ಹೋಗಿ ಬಂದ ಮೇಲೆಯೇ ಅಲ್ಲಿ ನೆಲ ಬರೆದರು ಎನ್ನುವವರೂ ಇದ್ದಾರೆ. ಹಾಗೆ ಎನ್ನುವವನು ಹೆಚ್ಚಾಗಿ ಮರಿಸಿದ್ದಯ್ಯನೇ.

ಮೂವತ್ತು ವರ್ಷದ ಹಿಂದೆ ಸರ್ಕಾರದವರು ಏಳು ಮಂದಿ ಕಸುಬುದಾರರನ್ನು ಆರಿಸಿ ಟೊಕೊನಾಮೆ ಎಂಬ ಊರಿಗೆ ಕಳಿಸಿದ್ದರು. ಒಂಬೈನೂರು ವರ್ಷದಿಂದ ಮಣ್ಣು ಸುಡುತ್ತಲೇ ಇರುವ ಊರು ಅದು. ಮರಿಸಿದ್ದಯ್ಯನ ಬಾಯಲ್ಲಿ ಒಂಬತ್ತು ಸಾವಿರ. ಜೊತೆಗೆ ಹೋದ ಉಳಿದ ಆರು ಮಂದಿ ಅಲ್ಲಿ ಏನು ಮಾಡಿದರೋ ದೇವರೇ ಬಲ್ಲ, ಇವನ ಕತೆಯಲ್ಲಿ ಅವರಿಗೆ ನಿಲ್ಲಲೂ ಜಾಗವಿಲ್ಲ. ಅಲ್ಲಿದ್ದದ್ದು ಇಪ್ಪತ್ತೊಂದು ದಿನ. ಬಂದ ವರ್ಷವೇ ಅದು ಒಂದು ತಿಂಗಳಾಯಿತು. ಅಫ್ಸರ್ ಪಾಷಾನ ಮಗಳ ಮದುವೆಯ ಹೊತ್ತಿಗೆ ಆರು ತಿಂಗಳು. ಈಗ ಎರಡು ವರ್ಷಕ್ಕೆ ಹತ್ತು ದಿನ ಕಮ್ಮಿ ಇದೆ.

ಆ ಕತೆ ನಡೆಯುವ ಜಾಗ ಮಳವಳ್ಳಿ ಬಸ್‌ಸ್ಟ್ಯಾಂಡಿನ ಹಿಂದಿನ ಅಫ್ಸರ್ ಪಾಷಾನ ಅಂಗಡಿ. ಸುಟ್ಟುಹೋದ ಪಂಪ್‌ಸೆಟ್ ಮೋಟಾರಿಗೆ ತಾಮ್ರದ ತಂತಿ ಸುತ್ತುವುದು ಅವನ ಕೆಲಸ. ಮಾತು ಕೇಳುತ್ತಾ ಸುತ್ತಿದರೆ ಸುತ್ತಿನ ಲೆಕ್ಕ ತಪ್ಪುತ್ತದೆ, ಆದರೂ ಅವನು ಗೆಳೆಯನನ್ನು ಒಂದು ದಿನವೂ ಓಡಿಸಿದವನಲ್ಲ.

"ಅಲ್ಲಿ ಗೋಡೆಗೆ ಇಟ್ಟಿಗೇನೆ ಬ್ಯಾಡ ಕಣ್ಲಾ ಪಾಸ," ಎಂದು ಮರಿಸಿದ್ದಯ್ಯ ಶುರುಮಾಡುತ್ತಿದ್ದ. "ಒಂದ್ಕಡೆ ನೀರಿನ ಕೊಳವೆ ಅಡ್ಡಡ್ಡ ಜೋಡಿಸಿ ಗೋಡೆ ಮಾಡವ್ರೆ, ಈಕಡೆ ಎಂಡದ ಬುರುಡೆ ಜೋಡಿಸಿ ಗೋಡೆ ಮಾಡವ್ರೆ. ಎಲ್ಲಾ ಮಣ್ಣಿಂದು. ನಡುವಿನ ಓಣೀಲಿ ನಡ್ಕೊಂಡೋದ್ರೆ, ಲೇ, ಮಡಕೆ ಒಟ್ಟೆ ಒಳಗೇ ನಡ್ದಂಗೆ."

"ಎಂಡ ಇತ್ತೇನ್ಲಾ ಬುರುಡೇಲಿ?"

"ನಾನು ಓಗೋ ಮುಂಚೆ ಇತ್ತಂತೆ."

"ಚಿಮಣಿ ಎಷ್ಟುದ್ದ ಅಂದೆ?"

"ಕಬ್ಬಿನ ಫ್ಯಾಕ್ಟ್ರಿ ಚಿಮಣಿ ನೋಡಿದ್ದೀಯಲ್ಲ ಮಂಡ್ಯದಾಗೆ, ಅಂಥವು ಮೂರು ಒಂದ್ರ ಮೇಲೊಂದು. ಅಂಥವು ನಾಕು ನೂರು. ಮೋಡ ಬಂದ್ರೆ ದಾರಿ ಇಲ್ದೆ ವಾಪಸ್ ಓಗವು."

ನಗು ಬರುವುದು ಚಿಮಣಿಗಲ್ಲ, ಮುಂದಿನ ಮಾತಿಗೆ. ಟೊಕೊನಾಮೆಯಲ್ಲಿ ಆಳೆತ್ತರದ ವಾಡೆ ಎಂಬ ಮಣ್ಣಿನ ಕಣಜ ಕಟ್ಟುವಾಗ ತಿಗರಿ ತಿರುಗುವುದಿಲ್ಲ, ವಾಡೆ ನಿಂತಲ್ಲೇ ನಿಂತಿರುತ್ತದೆ, ಕುಂಬಾರನೇ ಹೆಗಲ ಮೇಲೆ ಮಣ್ಣಿನ ಹುರಿ ಹೊತ್ತು ಅದರ ಸುತ್ತ ಹಿಂದಹಿಂದಕ್ಕೆ ಹೆಜ್ಜೆ ಹಾಕುತ್ತಾನೆ ಎಂದು ಅವನು ಹೇಳುತ್ತಿದ್ದ. ಅದನ್ನು ಕೇಳಿ ಟೀ ಕುಡಿಯುತ್ತಿದ್ದವರಿಗೆ ನೆತ್ತಿಗೆ ಹತ್ತಿದ್ದುಂಟು.

ಅಲ್ಲಿಂದ ಅವನು ತಂದ ಒಂದೇ ಒಂದು ವಸ್ತು, ಮುಷ್ಟಿಗಿಂತ ಚೂರು ದೊಡ್ಡದಾದ ಕೆಂಪು ಮಣ್ಣಿನ ಟೀ ಪಾತ್ರೆ. ಮೂತಿ ಮುಂದಕ್ಕೆ, ಹಿಡಿ ಪಕ್ಕಕ್ಕೆ. ಮೂತಿಯ ಒಳಬುಡದಲ್ಲಿ ಎಲೆ ತಡೆಯಲು ಮಣ್ಣಿನದೇ ಜರಡಿ. ಹೆಂಡತಿ ಸಣ್ಣತಾಯಮ್ಮ ಅದನ್ನು ಆ ಕಡೆ ಈ ಕಡೆ ತಿರುಗಿಸಿ ನೋಡಿ, "ಇಷ್ಟು ದಪ್ಪ ಒಳಲೇನಾ? ಆ ದೇಸದ ಕೂಸುಗಳೇನು ಎಮ್ಮೆಗರುಗಳಾ?" ಎಂದಿದ್ದಳು. ಎಳೆಗೂಸಿಗೆ ಹಾಲು, ಮದ್ದು ಕುಡಿಸುವ ಮೂತಿಯ ಬಟ್ಟಲಿಗೆ ನಮ್ಮ ಕಡೆ ಒಳಲೆ ಎನ್ನುತ್ತಾರೆ. ಆ ಗಳಿಗೆಯಿಂದ ಅದು ಒಳಲೆಯೇ. ಜೀರಿಗೆ ಕಷಾಯ ಸೋಸುವ ಕಷ್ಟವಿಲ್ಲ, ಜರಡಿ ಒಳಗೇ ಇದೆ. ಕುಂಬಾರ ಬೀದಿಯಲ್ಲಿ, ಪಕ್ಕದ ಸಾಬರ ಬೀದಿಯಲ್ಲಿ ಹುಟ್ಟಿದ ಕೂಸಿಗೆಲ್ಲ ಹೊಟ್ಟೆನೋವು ಬಂದಾಗ ಅಫ್ಸರ್ ಪಾಷಾನ ಹೆಂಡತಿ ಅಖ್ತರ್ ಬೇಗಂ ಓಡಿಬಂದು "ತಾಯಮ್ಮಾ, ಜಪಾನ್ ಕೊಡು" ಎಂದು ಈಸಿಕೊಂಡು ಹೋಗುತ್ತಿದ್ದಳು. ಅಫ್ಸರ್ ಪಾಷಾನ ಮೊಮ್ಮಗಳು ಮಾಹೀನ್ ಕೂಡ ಅದರಲ್ಲೇ ಕುಡಿದು ಬೆಳೆದವಳು. ಟೀ ಮಾತ್ರ ಅದು ಒಂದು ತೊಟ್ಟೂ ಕಂಡಿಲ್ಲ.

ಮರಿಸಿದ್ದಯ್ಯ ಅದಕ್ಕೆ ಬೇರೆಯೇ ಹೆಸರಿಟ್ಟಿದ್ದ: ಬಹುಮಾನ. ಟೊಕೊನಾಮೆಯ ಸಮಸ್ತ ಕುಂಬಾರರೂ ಸಾಲಾಗಿ ನಿಂತು ಬಗ್ಗಿ ನಮಸ್ಕರಿಸಿ ಅವನಿಗೆ ಕೊಟ್ಟ ಬಹುಮಾನ.

ಈ ಬಹುಮಾನವೇ ಈಗ ಕುತ್ತಿಗೆಗೆ ಬಂದಿತ್ತು. ಮಂಡ್ಯದ ಗುತ್ತಲಿನಲ್ಲಿ ಶಿವರಾಜು ಎಂಬ ಮೇಷ್ಟರು ಹಳೇ ಕಸುಬಿನವರನ್ನು ಹುಡುಕಿ ಸನ್ಮಾನ ಮಾಡುವವರು. ಬರುವ ಭಾನುವಾರ ಮರಿಸಿದ್ದಯ್ಯನಿಗೆ ಶಾಲು, ಹಾರ, ಪೇಟ ಎಂದು ಕಾರ್ಡೇ ಅಚ್ಚು ಹಾಕಿಸಿಬಿಟ್ಟಿದ್ದರು. "ಆ ಟೀ ಪಾತ್ರೆ ತಪ್ಪದೆ ತನ್ನಿ ಯಜಮಾನರೇ, ವೇದಿಕೆ ಮೇಲೆ ಇಡೋಣ" ಎಂದು ಫೋನಿನಲ್ಲಿ ಎರಡು ಸಲ ಹೇಳಿದ್ದರು. ಇವನು ಗೋಡೆಯ ಮಾಡಿನಿಂದ ಒಳಲೆ ತೆಗೆಯಲು ಕೈಯೆತ್ತಿದಾಗ ಸಣ್ಣತಾಯಮ್ಮ ಅಡ್ಡ ಬಂದಳು.

"ನಮ್ಮಪ್ಪನ ಅಲಗೆ ತಂದು ಇಲ್ಲಿಡು. ಆಮ್ಯಾಕೆ ಒಳಲೆ ತಕ್ಕೊಂಡು ಎಲ್ಲಿಗಾದ್ರೂ ಓಗು."

ಮೂವತ್ತು ವರ್ಷದ ಜಗಳ ಇದು. ತಿಗರಿಯಿಂದ ಇಳಿದ ಮಡಕೆ ದಪ್ಪಗೆ, ಬುಡವಿಲ್ಲದೆ ಇರುತ್ತದೆ. ಒಳಗೆ ಗುಂಡುಕಲ್ಲು ಒತ್ತಿ ಹಿಡಿದು, ಹೊರಗಿನಿಂದ ಹಲಗೆಯಲ್ಲಿ ತಟ್ಟಿ ತಟ್ಟಿ ಅದಕ್ಕೆ ಹೊಟ್ಟೆ ಬರಿಸಬೇಕು. ಸಣ್ಣತಾಯಮ್ಮನ ಅಪ್ಪ ಬಂಡೂರಿನ ಮಾದಯ್ಯ ಮಗಳ ಮದುವೆಗೆ ಬಂಗಾರ ಕೊಡಲಾಗದೆ ತನ್ನ ಹುಣಸೆ ಮರದ ಹಲಗೆಯನ್ನೇ ಮಡಿಲಿಗೆ ಹಾಕಿ ಕಳಿಸಿದ್ದ. ಉದ್ದಕ್ಕೂ ಒಂದು ಕೂದಲೆಳೆ ಸೀಳು ಬಿಟ್ಟಿದ್ದ ಹಲಗೆ. ಜಪಾನಿಗೆ ಹೋಗುವಾಗ ಮರಿಸಿದ್ದಯ್ಯ ಅದನ್ನು ಪೆಟ್ಟಿಗೆಯಲ್ಲಿಟ್ಟುಕೊಂಡು ಹೋದ, ಬರುವಾಗ ತರಲಿಲ್ಲ. ಅಲ್ಲೊಬ್ಬ ಮುದುಕಿಯ ಮನೆಯ ಗೋಡೆಯಲ್ಲಿ ನೇತುಹಾಕಿದ್ದಾರೆ ಎಂದು ಅವನು, ಬೊಂಬಾಯಿಯ ಯಾವುದೋ ಹೆಂಡದಂಗಡಿಯಲ್ಲಿ ಬಿಟ್ಟು ಬಂದಿದ್ದಾನೆ ಎಂದು ಅವಳು.

"ತೋರುಸ್ತೀನಿ ನಡಿ," ಎಂದು ಮರಿಸಿದ್ದಯ್ಯ ಟವೆಲ್ ಕೊಡವಿ ಹೆಗಲಿಗೆ ಹಾಕಿದ. "ಪಾಸನ ಮೊಮ್ಮಗಳ ಫೋನಿನಾಗೆ ಯಾವ ಊರ್ನ ಬೀದಿ ಬೇಕಾದ್ರೂ ಕಾಣುಸ್ತದಂತೆ. ಗೋಡೆ ಮ್ಯಾಲಿನ ಅಲಗೆ ಕಾಣಿಸ್ದೆ ಇರ್ತದಾ?"

ಮಂಡ್ಯದ ಕಾಲೇಜಿಗೆ ಹೋಗುವ ಮಾಹೀನ್ ಅವತ್ತು ರಜೆಯಲ್ಲಿ ಅಜ್ಜನ ಅಂಗಡಿಯಲ್ಲೇ ಇದ್ದಳು. ಫೋನನ್ನು ಮೋಟಾರಿನ ಮೇಲೆ ಒರಗಿಸಿ ನಿಲ್ಲಿಸಿದಳು. ಮೂರು ಮುದಿತಲೆ ಒಂದು ಫೋನಿಗೆ ಮುತ್ತಿಕೊಂಡವು. ಪಟಕ್ಕೆಂದು ಟೊಕೊನಾಮೆ ಬಂದು ನಿಂತಿತು.

ಮರಿಸಿದ್ದಯ್ಯನಿಗೆ ಮಾತು ನಿಂತುಹೋಯಿತು. ಮಳವಳ್ಳಿಯ ಇತಿಹಾಸದಲ್ಲಿ ಇದು ಮೊದಲ ಸಲ. ಅದೇ ಏರು ದಾರಿ. ಒಂದು ಕಡೆ ಕೊಳವೆಯ ಗೋಡೆ, ಇನ್ನೊಂದು ಕಡೆ ಬುರುಡೆಯ ಗೋಡೆ. ಕಾಲು ಜಾರದಿರಲೆಂದು ನೆಲಕ್ಕೆ ಒತ್ತಿದ ಸುಟ್ಟ ಮಣ್ಣಿನ ಬಳೆಗಳು. ಸಂಜೆ ಹೊತ್ತು ಆ ದಾರಿಯಲ್ಲಿ ನಡೆದಾಗ ಮೂಗಿಗೆ ಬಡಿದ ವಾಸನೆ ಅವನಿಗೆ ಮತ್ತೆ ಬಂತು. ಸುಟ್ಟ ಮಣ್ಣಿಗೆ ಮೊದಲ ಹನಿ ಬಿದ್ದಾಗಿನ ವಾಸನೆ. ಅವನ ಬೀದಿಯಲ್ಲಿ ಹದಿನೇಳು ತಿಗರಿ ತಿರುಗುತ್ತಿದ್ದ ಕಾಲದಲ್ಲಿ ಮಡಕೆ ಸುಟ್ಟ ಆವಿಗೆ ಬಿಚ್ಚುವ ದಿನ ಇದೇ ವಾಸನೆ ಮನೆಮನೆಗೆ ನುಗ್ಗಿ ಸಾರಿನಲ್ಲೂ ಸೇರುತ್ತಿತ್ತು. ಬೀದಿ ತುಂಬಾ ಟಪ್ ಟಪ್ ಸದ್ದು. ತಟ್ಟುವ ಸದ್ದಿನಿಂದಲೇ ಯಾವ ಮನೆಯ ಹೆಂಗಸು ಇವತ್ತು ಕೋಪದಲ್ಲಿದ್ದಾಳೆ ಎಂದು ಹೇಳಬಹುದಿತ್ತು. ಈಗ ಹದಿನೇಳರಲ್ಲಿ ಒಂದೂ ತಿರುಗುವುದಿಲ್ಲ. ಅವನ ತಿಗರಿಯ ಮೇಲೆ ಸಣ್ಣತಾಯಮ್ಮ ತುಳಸಿಕುಂಡ ಇಟ್ಟಿದ್ದಾಳೆ.

"ತಾತ, ಚಿಮಣಿ ಎಲ್ಲಿ? ನಾಕು ನೂರು?" ಎಂದಳು ಮಾಹೀನ್.

ಚಿಮಣಿಗಳಿದ್ದವು. ಇಟ್ಟಿಗೆಯವು, ಅರ್ಧಕ್ಕೆ ಮುರಿದವು, ಬಳ್ಳಿ ಹಬ್ಬಿದವು. ಅಫ್ಸರ್ ಪಾಷಾ ಕನ್ನಡಕ ಏರಿಸಿ, "ಏನ್ಲಾ ಇದು, ನಮ್ಮ ಮಸೀದಿ ಪಕ್ಕದ ನೀರಿನ ಟ್ಯಾಂಕಿನಷ್ಟೂ ಇಲ್ವಲ್ಲ!" ಎಂದ.

"ಸವೆದೋಗವೆ ಕಣ್ಲಾ. ಮೂವತ್ತು ವರ್ಸ ಆಯ್ತು."

"ಆ ಬೆಕ್ಕು?" ಗುಡ್ಡದ ಮೇಲೆ ಮನೆಯಷ್ಟು ದೊಡ್ಡ ಬೆಕ್ಕಿನ ತಲೆಯ ಬೊಂಬೆಯೊಂದು ಇಣುಕುತ್ತಿತ್ತು. ಕೊಬ್ಬಿದ ಬಂಡೂರು ಟಗರಿನಂಥ ಕೆನ್ನೆ.

"ಅದು ನಾನಿದ್ದಾಗ ಮರಿಯಾಗಿತ್ತು," ಎಂದ ಮರಿಸಿದ್ದಯ್ಯ, ಕಣ್ಣು ಮಿಟುಕಿಸದೆ.

ಮಾಹೀನ್ ನಗುತ್ತಲೇ ಇನ್ನೇನನ್ನೋ ಹುಡುಕಿದಳು. ಒಂದು ವೀಡಿಯೋ ತೆರೆದುಕೊಂಡಿತು. ಆಳೆತ್ತರದ ವಾಡೆ ನಿಂತಿದೆ, ಒಬ್ಬ ಮುದುಕ ಹೆಗಲ ಮೇಲೆ ಮಣ್ಣಿನ ಹುರಿ ಹೊತ್ತು ಅದರ ಸುತ್ತ ಹಿಂದಹಿಂದಕ್ಕೆ ನಡೆಯುತ್ತಿದ್ದಾನೆ.

"ಯಾ ಅಲ್ಲಾ!" ಎಂದ ಅಫ್ಸರ್ ಪಾಷಾ. "ಇದು ದಿಟಾನಾ? ಇದಕ್ಕೇ ಅಲ್ವೇನ್ಲಾ ನಾವು ನಕ್ಕು ನಕ್ಕು ಸತ್ತಿದ್ದು!"

ಮರಿಸಿದ್ದಯ್ಯನ ಎದೆ ಎರಡು ಗೇಣು ಉಬ್ಬಿತು. ಸಣ್ಣತಾಯಮ್ಮ ಕೂಡ ಗಂಡನನ್ನು ಒಮ್ಮೆ ಓರೆಗಣ್ಣಿನಲ್ಲಿ ನೋಡಿದಳು. ಆದರೆ ಅವಳು ಬಂದದ್ದು ವಾಡೆ ನೋಡಲಿಕ್ಕಲ್ಲ.

"ಅಲಗೆ ಎಲ್ಲೈತೆ?"

"ಮ್ಯಾಲಕ್ಕೆ ನಡಿ ಮಗ. ಬಲಕ್ಕೆ ತಿರುಗು. ಮೂರು ಮೆಟ್ಲು. ಕರೇ ಮರದ ಗೋಡೆ ಮನೆ. ಇದೇ! ಇದೇ ಚಿಕ್ಕಬೋರಮ್ಮನ ಮನೆ!"

ಅವನ ಸೋದರತ್ತೆ ಚಿಕ್ಕಬೋರಮ್ಮನ ಹಾಗೆಯೇ ಗಲ್ಲ, ಹಾಗೆಯೇ ಗೂನುಬೆನ್ನು ಇದ್ದ ಆ ಜಪಾನಿ ಮುದುಕಿಗೆ ಅವನು ಇಟ್ಟ ಹೆಸರದು. ಫೋನಿನಲ್ಲಿ ಮನೆ ಇತ್ತು, ಚಿಕ್ಕಬೋರಮ್ಮನಿದ್ದ ಗುರುತಿರಲಿಲ್ಲ. ಕಾಫಿ ಅಂಗಡಿಯ ಬೋರ್ಡು, ಗಾಜಿನ ಬಾಗಿಲು, ಮುಚ್ಚಿದ ಪರದೆ. ಮಾಹೀನ್ ಎಷ್ಟು ದೊಡ್ಡದು ಮಾಡಿದರೂ ಪರದೆಯ ನೂಲು ಕಂಡಿತೇ ಹೊರತು ಒಳಗಿನ ಗೋಡೆ ಕಾಣಲಿಲ್ಲ.

"ಒಳಕ್ಕೋಗಕ್ಕೆ ಆಗಲ್ವಾ?" ಎಂದ ಮರಿಸಿದ್ದಯ್ಯ.

"ಬೀದಿವರೆಗೇ ತಾತ ಇದು."

ಅಫ್ಸರ್ ಪಾಷಾ ನಗಲು ಬಾಯಿ ತೆರೆದವನು ಸಣ್ಣತಾಯಮ್ಮನ ಮುಖ ನೋಡಿ ಮುಚ್ಚಿಕೊಂಡ. ಅವಳು ಬೈಯಲಿಲ್ಲ. ಸೆರಗು ಸರಿಮಾಡಿಕೊಂಡು ಮಂಡಿ ಹಿಡಿದು ಎದ್ದಳು.

"ಬುಡು. ಒಳಲೆ ತಕ್ಕೊಂಡೋಗು ಬಾನುವಾರ. ನಮ್ಮಪ್ಪನ ಅಲಗೆ ಯಾವ ಒಲೆಗೆ ಸೌದೆ ಆಯ್ತೋ, ನಾನ್ಯಾಕೆ ಇನ್ನೂ ಕೇಳ್ಕೊಂಡು ಕೂತೀನಿ."

ಮೂವತ್ತು ವರ್ಷ ಅವಳು ಬೈದಿದ್ದಳು, ಅವನು ತಡೆದುಕೊಂಡಿದ್ದ. ಬೈಯದೆ ಬಿಟ್ಟುಕೊಟ್ಟದ್ದು ತಡೆಯಲಾಗಲಿಲ್ಲ. ಬಾಗಿಲವರೆಗೆ ಹೋಗಿದ್ದವಳ ಬೆನ್ನಿಗೆ ಅವನ ಮಾತು ಬಿತ್ತು.

"ಒಳಲೆ ನಂದಲ್ಲ ಸಣ್ಣತಾಯಿ. ನಿಂದು."

"ಏನಂದೆ?"

"ಆ ಅಮ್ಮ ಅದನ್ನ ನನಗೆ ಕೊಡ್ಲಿಲ್ಲ. ನಿನಗೆ ಕೊಟ್ಲು. ನಾನು ಬರೀ ಒತ್ಕೊಂಡು ಬಂದೆ."

ಕುಂಬಾರ ಬೀದಿಯಲ್ಲಿ ಎಲ್ಲರಿಗೂ ಗೊತ್ತಿದ್ದ, ಯಾರೂ ಬಾಯಿಬಿಟ್ಟು ಆಡದಿದ್ದ ಸಂಗತಿ ಒಂದಿತ್ತು. ತಿಗರಿ ತಿರುಗಿಸುವುದು ಗಂಡ, ತಟ್ಟುವುದು ಹೆಂಡತಿ. ಸಂತೆಯಲ್ಲಿ ಮಾತ್ರ ಅದು ಗಂಡನ ಹೆಸರಿನ ಮಡಕೆ. ಸರ್ಕಾರದವರು ಹೆಸರು ನೋಡಿ ಆರಿಸಿದರು. ಹಾಗಾಗಿ ಜಪಾನಿಗೆ ವಿಮಾನ ಹತ್ತಿದ್ದು ಅರ್ಧ ಕುಂಬಾರ. ಉಳಿದರ್ಧ ಮಳವಳ್ಳಿಯಲ್ಲಿ ಹಸುವಿಗೆ ಹುಲ್ಲು ಹಾಕುತ್ತಿತ್ತು.

"ಅಲ್ಲಿ ಮಡಕೆ ಮಾಡಿ ತೋರ್ಸುವಾಗ ನೂರಾರು ಜನ ಸುತ್ತ ನಿಂತಿದ್ರು," ಎಂದು ಮರಿಸಿದ್ದಯ್ಯ ಶುರುಮಾಡಿ, ತಡೆದು, "ಮೂವತ್ತು ಜನ ಇದ್ರು" ಎಂದು ತಿದ್ದಿಕೊಂಡ. "ತಿಗರಿ ಚೆನ್ನಾಗೇ ತಿರುಗಿಸ್ದೆ. ತಟ್ಟಕ್ಕೆ ಕೂತೆ. ಮಡಕೆ ಹೊಟ್ಟೆ ಒಡ್ದೋಯ್ತು. ಇನ್ನೊಂದು ತಟ್ಟಿದೆ, ಅದು ಕುಂಬಳಕಾಯಿ ತರ ವಾರೆ ಆಯ್ತು. ಇಲ್ಲಿಂದ ಒಯ್ದಿದ್ದ ಆರರಲ್ಲಿ ಒಡೀದೆ ಉಳಿದಿದ್ದು ಒಂದೇ ಮಡಕೆ, ಅದನ್ನ ಮುಂದಿಟ್ಟು ಇದೂ ನಾನೇ ಮಾಡಿದ್ದು ಅಂತ ಎದೆ ಮುಟ್ಕೊಂಡು ತೋರಿಸ್ದೆ. ಎಲ್ರೂ ತಲೆ ಆಡಿಸಿದ್ರು. ಆ ಮುದುಕಿ ಆಡಿಸ್ಲಿಲ್ಲ."

ಮುದುಕಿ ಅವನನ್ನು ಮನೆಗೆ ಕರೆದುಕೊಂಡು ಹೋಗಿದ್ದಳು. ಭಾಷೆಯಿಲ್ಲ, ಟೀ ಇತ್ತು. ಇವನ ಚೀಲದಲ್ಲಿ ಎಂಟು ದಿನದ ಹಳೇ ಮದ್ದೂರು ವಡೆ ಒಂದಿತ್ತು, ಅದನ್ನು ಕೊಟ್ಟ. ಅವಳು ತಿನ್ನುವ ಮೊದಲು ಬೆರಳಗೆಣ್ಣಿನಿಂದ ತಟ್ಟಿ, ಕಿವಿಗಿಟ್ಟು, ಚೆನ್ನಾಗಿ ಬೆಂದಿದೆ ಎನ್ನುವಂತೆ ನಕ್ಕಿದ್ದಳು. ಆಮೇಲೆ ಆ ಮಡಕೆಯನ್ನು ಮಡಿಲಲ್ಲಿಟ್ಟುಕೊಂಡು ಒಳಗೆ ಕೈ ಬಿಟ್ಟಳು.

"ಬಾಳ ಒತ್ತು ಒಳಗೇ ಸವರಿದ್ಲು. ಆಮ್ಯಾಕೆ ನನ್ನ ಎಡಗೈ ಇಡ್ಕಂಡು ಒಳಕ್ಕೆ ಬುಟ್ಲು. ಅಲ್ಲಿ ಸಣ್ಣ ಸಣ್ಣ ಗುಣಿ. ನನ್ನ ಬೆರಳು ಅದರಲ್ಲಿ ಕೂರ್ಲಿಲ್ಲ. ಅವಳು ತನ್ನ ಉಂಗುರದ ಬೆರಳು ಡೊಂಕು ಮಾಡಿ ತೋರಿಸ್ದ್ಲು. ಇಂಗೆ. ಆಮ್ಯಾಕೆ ಮುಂಗೈ ಸುತ್ತ ಬಳೆ ತೊಟ್ಟಂಗೆ ಗೆರೆ ಎಳ್ದು, ಒಳಲೆ ತಂದು ನನ್ನ ಕೈಲಿಟ್ಟು, ಬಾಗ್ಲ ಕಡೆ, ದೂರಕ್ಕೆ, ಕೈ ತೋರಿಸ್ದ್ಲು. ಅವಳಿಗೆ ಕೊಡು ಅಂತ."

ಸಣ್ಣತಾಯಮ್ಮನಿಗೆ ಎಂಟು ವರ್ಷವಿದ್ದಾಗ ಎತ್ತಿನಗಾಡಿಯ ಮೂಕಿಮರಕ್ಕೆ ಸಿಕ್ಕಿ ಎಡಗೈಯ ಉಂಗುರದ ಬೆರಳು ಡೊಂಕಾಗಿತ್ತು. ಅದು ಮಳವಳ್ಳಿಗೆಲ್ಲ ಗೊತ್ತು.

"ಅಲಗೇನೂ ನಾನೇ ಅವಳ ಕೈಗಿಟ್ಟೆ," ಎಂದ ಮರಿಸಿದ್ದಯ್ಯ, ನೆಲ ನೋಡುತ್ತಾ. "ಅದು ಕಣ್ಮುಂದೆ ಇದ್ರೆ ದಿನಾ ನನ್ನ ಮಕಕ್ಕೆ ಉಗ್ದಂಗೆ ಇರದು. ಬಂದ್ಮ್ಯಾಲೆ ಯೋಳಾನ ಅಂದ್ಕಂಡೆ. ಬಸ್‌ಸ್ಟ್ಯಾಂಡಿಗೇ ಜನ ಹಾರ ತಂದ್ಬುಟ್ರು."

ಅಫ್ಸರ್ ಪಾಷಾ ತೊಡೆ ತಟ್ಟಿ ನಕ್ಕ. "ವಾರೆ ವಾ! ಮೂವತ್ತು ವರ್ಸದಲ್ಲಿ ಇದೇ ಕಣ್ಲಾ ನಿನ್ನ ಬೆಸ್ಟು! ಮಡಕೆ ಒಳಗೆ ಕೈ ಬುಟ್ಟು ಎಂಡ್ತಿ ಬೆರಳು ಕಂಡಿಡಿದ್ಲಂತೆ! ಒಳಲೆ ಬೇಕು ಅಂತ ಏನೇನ್ ಕಟ್ತೀಯಲಾ!"

ಮಾಹೀನ್ ಕೂಡ ಬಾಯಿಗೆ ದುಪಟ್ಟಾ ಅಡ್ಡ ಹಿಡಿದಳು. ಮರಿಸಿದ್ದಯ್ಯನ ಕಣ್ಣಲ್ಲಿ ನೀರಾಡಿತು. ಇಷ್ಟು ವರ್ಷ ಸುಳ್ಳನ್ನು ಅವನು ಅಷ್ಟು ಚೆನ್ನಾಗಿ ಸಾಕಿದ್ದ, ಈಗ ನಿಜವನ್ನು ಕರೆತಂದರೆ ಅದಕ್ಕೆ ಕೂರಲು ಯಾರೂ ಮಣೆ ಹಾಕಲಿಲ್ಲ.

ಸಣ್ಣತಾಯಮ್ಮ ಮಾತ್ರ ನಗಲಿಲ್ಲ. ಹಿಂದಕ್ಕೆ ಬಂದು ಅವನ ಮುಂದೆಯೇ ಕುಕ್ಕರುಗಾಲಲ್ಲಿ ಕೂತಳು.

"ಆ ಗುಣಿ ಎಲ್ಲಿದ್ವು?"

"ಕುತ್ಗೆಯಿಂದ ಮೂರು ಬೆರಳು ಕೆಳಕ್ಕೆ. ಒಂದೇ ಸಾಲು. ಎಡಕ್ಕೆ ವಾಲ್ಕಂಡು."

"ಎಷ್ಟಿದ್ವು?"

"ಏಳು."

"ಏಳು ನೂರಾ?" ಎಂದ ಅಫ್ಸರ್ ಪಾಷಾ.

"ಏಳೇ ಕಣ್ಲಾ."

ಸಣ್ಣತಾಯಮ್ಮ ತನ್ನ ಎಡಗೈಯನ್ನು ಮಡಿಲಲ್ಲಿಟ್ಟು ಆ ಡೊಂಕು ಬೆರಳನ್ನು ಬಹಳ ಹೊತ್ತು ನೋಡಿದಳು. ಬಂಡೂರಿನಲ್ಲಿ ಅಪ್ಪನ ಪಕ್ಕ ಕೂತು ತಟ್ಟಲು ಕಲಿತಾಗ, ಕಲ್ಲು ಹಿಡಿದ ಕೈಯ ಆ ಬೆರಳು ಮಣ್ಣಿಗೆ ತಗುಲಿ ಗುಣಿ ಬೀಳುತ್ತಿತ್ತು. ಅಪ್ಪ ಬೈಯದಿರಲೆಂದು ಒದ್ದೆ ಬಟ್ಟೆಯಲ್ಲಿ ಒರೆಸಿ ಅಳಿಸುತ್ತಿದ್ದಳು. ಮದುವೆಯಾದ ಮೇಲೂ ಒಂದು ಮಡಕೆಯನ್ನೂ ಒರೆಸದೆ ಬಿಟ್ಟವಳಲ್ಲ. ಜಪಾನಿಗೆ ಹೋದ ಆ ಆರು ಮಡಕೆ ತಟ್ಟುವ ದಿನ ಮಾತ್ರ ಮನೆಯಲ್ಲಿ ಕೂಸಿಗೆ ಜ್ವರವಿತ್ತು, ಒರೆಸಲು ಪುರುಸೊತ್ತಾಗಲಿಲ್ಲ. ಈ ಸಂಗತಿ ಭೂಮಿಯ ಮೇಲೆ ಯಾರಿಗೂ ಗೊತ್ತಿರಲಿಲ್ಲ. ಮಡಕೆಯೊಳಗೆ ಕೈ ಬಿಡುವ ಅಭ್ಯಾಸವೇ ಇಲ್ಲದ ಗಂಡನಿಗಂತೂ ಮೊದಲೇ ಇಲ್ಲ.

"ಆ ಅಮ್ಮ," ಎಂದಳು ಕೊನೆಗೆ, "ಗುಣಿ ನೋಡಿ ಬೈದ್ಲಾ?"

"ಊಹೂಂ. ಒಂದೊಂದರ ಮ್ಯಾಲೂ ಬೆರಳಿಟ್ಟು ಸವರಿದ್ಲು. ಕೂಸಿನ ಕೆನ್ನೆ ಸವರಿದಂಗೆ."

"ಅದನ್ನ ಯೋಳಕ್ಕೆ ಮೂವತ್ತು ವರ್ಸ ಬೇಕಾಯ್ತಾ ನಿನಗೆ?" ಎಂದು ಅವಳು ಎದ್ದಳು. ದನಿಯಲ್ಲಿ ಬೈಗುಳ ಮರಳಿ ಬಂದಿತ್ತು. ಮರಿಸಿದ್ದಯ್ಯ ಉಸಿರು ಬಿಟ್ಟ.

ಭಾನುವಾರ ಮದ್ದೂರಿನ ಮೇಲೆ ಹೋಗುವ ಬಸ್ಸಿನಲ್ಲಿ ಒಳಲೆ ಸಣ್ಣತಾಯಮ್ಮನ ಮಡಿಲಲ್ಲಿ, ಹಳೇ ಸೀರೆಯ ತುಂಡಿನೊಳಗೆ ಕೂತು ಪ್ರಯಾಣ ಮಾಡಿತು. ಮರಿಸಿದ್ದಯ್ಯ ಹಿಡಿದುಕೊಳ್ಳುತ್ತೇನೆಂದರೆ "ನಿನಗೆ ಒತ್ಕೊಂಡು ಬಂದಿದ್ದೇ ಸಾಕು" ಎಂದಳು. ಗುತ್ತಲಿನ ಆ ಪುಟ್ಟ ಸಭಾಂಗಣದ ಬಾಗಿಲಲ್ಲೇ ಅವನು ಶಿವರಾಜು ಮೇಷ್ಟರ ಕೈ ಹಿಡಿದು ನಡೆದದ್ದನ್ನೆಲ್ಲ ಹೇಳಿ, ಪೇಟ ಯಾರ ತಲೆಗೆ ಹೋಗಬೇಕೆಂದು ತೋರಿಸಿದ. ಮೇಷ್ಟರು ಒಂದು ಗಳಿಗೆ ತಬ್ಬಿಬ್ಬಾದರು. ಆಮೇಲೆ ಕಾರ್ಡಿನಲ್ಲಿದ್ದ ಹೆಸರನ್ನು ಪೆನ್ನಿನಲ್ಲೇ ಹೊಡೆದುಹಾಕಿದರು.

ಪೇಟ ತೊಟ್ಟ ಸಣ್ಣತಾಯಮ್ಮ ಮೈಕಿನ ಮುಂದೆ ನಿಂತಳು. ಬೆರಳಗೆಣ್ಣಿನಿಂದ ಒಳಲೆಯನ್ನು ಒಮ್ಮೆ ತಟ್ಟಿದಳು. ಕಿಣ್ಣೆಂದು ಸದ್ದು ಸಭೆಯ ಕೊನೆಯ ಕುರ್ಚಿಯವರೆಗೂ ಹೋಯಿತು.

"ಟೊಕೊನಾಮೆ ಅಂತ ಒಂದೂರೈತೆ," ಎಂದು ಶುರುಮಾಡಿದಳು. "ಅಲ್ಲಿಗೆ ನಾನು ಓಗ್ಲಿಲ್ಲ. ನನ್ನ ಬೆರಳು ಓಗಿತ್ತು. ಆ ಊರ್ನ ಕುಂಬಾರ್ರು, ಒಂದು ಸಾವ್ರ ಜನ, ಸಾಲಾಗಿ ನಿಂತ್ಕಂಡು ನಾನು ತಟ್ಟಿದ ಮಡಕೆ ಒಳಕ್ಕೆ ಕೈ ಬುಟ್ಟು ನೋಡಿದ್ರಂತೆ. ಮೂರು ದಿನ ಆಯ್ತಂತೆ ಸಾಲು ಕರಗಕ್ಕೆ. ನಾಕು ನೂರು ಚಿಮಣಿ ಹೊಗೆ ನಿಲ್ಲಿಸಿಬುಟ್ವಂತೆ…"

ಸಭೆ ಬಾಯಿಬಿಟ್ಟು ಕೇಳುತ್ತಿತ್ತು. ಮುಂದಿನ ಸಾಲಿನಲ್ಲಿ ಕೂತಿದ್ದ ಮರಿಸಿದ್ದಯ್ಯನ ಕಿವಿಯ ಬಳಿ ಅಫ್ಸರ್ ಪಾಷಾ ಬಗ್ಗಿ, "ಇದೆಲ್ಲ ದಿಟಾನೇನ್ಲಾ?" ಎಂದು ಕೇಳಿದ.

"ದಿಟ ಕಣ್ಲಾ," ಎಂದ ಮರಿಸಿದ್ದಯ್ಯ, ವೇದಿಕೆಯಿಂದ ಕಣ್ಣು ತೆಗೆಯದೆ. "ಒಸಿ ಕಮ್ಮೀನೇ ಯೋಳ್ತಾವ್ಳೆ."